ಲೀಫ್ ಸ್ಪ್ರಿಂಗ್ ಹಾಕಿದ ಆರ್‌ಸಿ ಟ್ರಕ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲು, ಮಣ್ಣು, ಬೇರುಗಳ ಮೇಲೆ ನಿಧಾನವಾಗಿ ಹತ್ತಿ ಇಳಿಯುವ 1:10 ಅಳತೆಯ ರಿಮೋಟ್ ಟ್ರಕ್ ಕಟ್ಟುವವರಿಗಾಗಿ ಇದನ್ನು ಬರೆದಿದ್ದೇನೆ. ಲೀಫ್ ಸ್ಪ್ರಿಂಗ್ ಅಂದರೆ ಒಂದರ ಮೇಲೊಂದು ಜೋಡಿಸಿದ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಸ್ಪ್ರಿಂಗ್ ಪಟ್ಟಿಗಳನ್ನು ಕೈಯಲ್ಲೇ ಮಾಡಿಕೊಳ್ಳಬೇಕು ಎನ್ನುವವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಮೊದಲು ಚೆಂದದ ಸ್ಪ್ರಿಂಗ್ ಮಾಡುತ್ತಾರೆ, ಆಮೇಲೆ ಗಾಡಿಯ ತೂಕ ನೋಡುತ್ತಾರೆ. ಕ್ರಮ ಉಲ್ಟಾ ಆಗಬೇಕು. ಕೆಳಗಿನ ಬಹುತೇಕ ಉತ್ತರಗಳು ಇದೇ ಮಾತಿಗೆ ಬಂದು ನಿಲ್ಲುತ್ತವೆ.

ಕಾಯಿಲ್ ಸ್ಪ್ರಿಂಗ್ ಸುಲಭವಾಗಿ ಸಿಗುವಾಗ ಲೀಫ್ ಸ್ಪ್ರಿಂಗ್ ಯಾಕೆ ಬೇಕು?

ಬರೀ ಕಲ್ಲು ಹತ್ತುವುದೇ ಗುರಿಯಾದರೆ ಬೇಡ. ನಾಲ್ಕು ಲಿಂಕ್ (ಆಕ್ಸಲ್ಲನ್ನು ಚಾಸಿಗೆ ಹಿಡಿಸುವ ಕಂಬಿಗಳು), ಕಾಯಿಲ್ (ಸುರುಳಿ) ಸ್ಪ್ರಿಂಗ್ ಇರುವ ಚಾಸಿ ಜಾಸ್ತಿ ಬಾಗುತ್ತದೆ, ಹೊಂದಿಸುವುದೂ ಸುಲಭ. ಆದರೆ ನಿಜವಾದ ಹಳೆಯ ಟ್ರಕ್ ನಡೆಯುವ ರೀತಿ ಬೇರೆ. ಹಳ್ಳಕ್ಕೆ ಇಳಿದಾಗ ಮೈ ತುಸು ತಡವಾಗಿ ವಾಲುತ್ತದೆ, ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ, ತೂಗಾಡುವ ಕೊಂಡಿ) ಹಿಂದೆ ಮುಂದೆ ಆಡುತ್ತದೆ, ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ನೆಲಕ್ಕೆ ಮುಖ ಹಚ್ಚಿ ನೋಡಿದರೆ ದೊಡ್ಡ ಗಾಡಿಯನ್ನೇ ನೋಡಿದ ಹಾಗೆ ಇರುತ್ತದೆ. ನನಗೆ ಆ ನಡಿಗೆ ಇಷ್ಟ.

ಇನ್ನೊಂದು ಕಾರಣವೂ ಇದೆ. ಲೀಫ್ ಸ್ಪ್ರಿಂಗ್ ಭಾರ ಹೊರುವುದರ ಜೊತೆಗೆ ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಲಿಂಕ್ ರಾಡುಗಳು ಬೇಕಿಲ್ಲ. ಚಾಸಿಯ ಕೆಳಗೆ ನೋಡಿದರೆ ಎಲ್ಲ ಸರಳವಾಗಿ, ಖಾಲಿಯಾಗಿ ಕಾಣುತ್ತದೆ.

ಯಾವ ಗಾಡಿಯನ್ನು ಮಾದರಿಯಾಗಿ ಇಟ್ಟುಕೊಳ್ಳಲಿ?

ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್ ಇದ್ದ ಗಾಡಿ ಆರಿಸಿದರೆ ಕೆಲಸ ಸಹಜವಾಗಿರುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪ್, ಟೊಯೋಟಾ ಲ್ಯಾಂಡ್ ಕ್ರೂಸರ್ 40, ಸುಜುಕಿ ಸಮುರಾಯ್, ಎಂಬತ್ತರ ದಶಕದ ಮೊದಲರ್ಧದ ಹೈಲಕ್ಸ್ 4x4 ಎಲ್ಲವೂ ಆ ಸಾಲಿನವು. ಜೀಪ್ ರ‍್ಯಾಂಗ್ಲರ್ ಮಾಡುವವರು ವರ್ಷ ನೋಡಿಕೊಳ್ಳಿ. ಚೌಕ ಹೆಡ್‌ಲೈಟಿನ ವೈಜೆ ಮಾದರಿಗೆ ಲೀಫ್ ಇತ್ತು, 1997ರ ಮಾದರಿಯಾಗಿ ಬಂದ ಟಿಜೆಗೆ ಕಾಯಿಲ್ ಬಂತು. 1966ರಿಂದ 1977ರವರೆಗಿನ ಫೋರ್ಡ್ ಬ್ರಾಂಕೋದಲ್ಲಿ ಮುಂದೆ ಕಾಯಿಲ್, ಹಿಂದೆ ಮಾತ್ರ ಲೀಫ್. ಮೊದಲ ಸಲ ಕಟ್ಟುವವರಿಗೆ ಆ ಬ್ರಾಂಕೋ ಜೋಡಣೆ ಒಳ್ಳೆಯ ನಡುದಾರಿ.

ಆಟದ ಗಾಡಿಗಳಲ್ಲೂ ಇದು ಹೊಸದೇನಲ್ಲ. ಜಪಾನಿನ ಆಟಿಕೆ ಕಂಪನಿ ತಮಿಯಾದ 1981ರ ಟೊಯೋಟಾ ಹೈಲಕ್ಸ್ ಪಿಕಪ್‌ಗೆ ಲೋಹದ ಚಾಸಿ, ಮೂರು ಗೇರು, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇತ್ತು. 1985ರ ಬ್ರೂಯಿಸರ್ ಅದೇ ದಾರಿ ಹಿಡಿಯಿತು, 2012ರಲ್ಲಿ ಮತ್ತೆ ಬಂತು. ಈಗಿನವರಿಗೆ ಆರ್‌ಸಿ4ಡಬ್ಲ್ಯುಡಿ ಕಂಪನಿಯ ಟ್ರೈಲ್ ಫೈಂಡರ್ 2 ಹೆಚ್ಚು ಪರಿಚಿತ. ಸ್ವಂತ ಸ್ಪ್ರಿಂಗ್ ಮಾಡುವ ಮೊದಲು ಇಂಥ ಒಂದು ಗಾಡಿಯನ್ನು ಕೈಯಲ್ಲಿ ಹಿಡಿದು ಒತ್ತಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಚಕ್ರ ಎಷ್ಟು ದೊಡ್ಡದಿರಬೇಕು?

ಕಣ್ಣಿಗೆ ಹಿತವಾಗಿ ಕಾಣಬೇಕಾದರೆ ಅಂದುಕೊಂಡದ್ದಕ್ಕಿಂತ ಚಿಕ್ಕದು. 31 ಇಂಚಿನ ಟೈರು ಹತ್ತನೇ ಒಂದು ಅಳತೆಯಲ್ಲಿ ಸುಮಾರು 79 ಮಿ.ಮೀ. ಆಗುತ್ತದೆ. ಸಾಮಾನ್ಯವಾಗಿ ಸಿಗುವ 1.9 ಇಂಚು ರಿಮ್ಮಿನ ಟೈರುಗಳು 100 ಮಿ.ಮೀ. ಮೇಲೆಯೇ ಇರುತ್ತವೆ, ಅಂದರೆ ನಿಜದ ಗಾಡಿಗೆ 39 ಇಂಚಿನ ಟೈರು ಹಾಕಿದ ಹಾಗೆ. ಹಳೆಯ ಗಾಡಿಯ ರೂಪ ಬೇಕಿದ್ದರೆ 1.55 ಇಂಚಿನ ರಿಮ್ ಹುಡುಕಿ. ಚಿಕ್ಕ ಟೈರು ಹಾಕಿದರೆ ಸ್ಪ್ರಿಂಗಿನ ಬಾಗು ಕೂಡ ಎದ್ದು ಕಾಣುತ್ತದೆ.

ನಿಜವಾದ ಸ್ಪ್ರಿಂಗನ್ನು ಅಳೆದು ಹತ್ತನೇ ಒಂದಕ್ಕೆ ಇಳಿಸಿ ಮಾಡಿದೆ. ಅದು ಬಾಗುವುದೇ ಇಲ್ಲ. ಎಲ್ಲಿ ತಪ್ಪಿದೆ?

ನಿಮ್ಮ ಅಳತೆ ತಪ್ಪಿಲ್ಲ. ಅಳತೆ ಸರಿಯಾಗಿದ್ದದ್ದಕ್ಕೇ ಹೀಗಾಯಿತು. ನನ್ನ ಮೊದಲ ಟ್ರಕ್ಕಿನಲ್ಲೂ ಇದೇ ಆಯಿತು. ಎರಡು ವಾರ ಕೂತು ನಾಲ್ಕು ಕಟ್ಟು ಸ್ಪ್ರಿಂಗ್ ಮಾಡಿ, ಜೋಡಿಸಿ, ನೆಲದ ಮೇಲಿಟ್ಟರೆ ಗಾಡಿ ಹಲಗೆಯ ಹಾಗೆ ನಿಂತಿತು. ಒಂದು ಚಕ್ರ ಎತ್ತಿದರೆ ಪಕ್ಕದ್ದೂ ಜೊತೆಗೇ ಎದ್ದಿತು. ತುಂಬಾ ಬೇಜಾರಾಗಿತ್ತು.

ಕಾರಣ ಇಷ್ಟು. ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲಿ ಒಂದಾದಾಗ ತೂಕ ಸಾವಿರದಲ್ಲಿ ಒಂದಾಗುತ್ತದೆ. 2000 ಕೆ.ಜಿ. ಗಾಡಿ 2 ಕೆ.ಜಿ. ಆಯಿತು. ಆದರೆ ಅದೇ ಉಕ್ಕಿನಿಂದ ಮಾಡಿದ ಸ್ಪ್ರಿಂಗಿನ ಬಿಗಿ ಹತ್ತರಲ್ಲಿ ಒಂದಕ್ಕೆ ಮಾತ್ರ ಇಳಿಯುತ್ತದೆ. ಭಾರ ಸಾವಿರ ಪಟ್ಟು ಕಮ್ಮಿ, ಬಿಗಿ ಬರೀ ಹತ್ತು ಪಟ್ಟು ಕಮ್ಮಿ. ನಿಜದ ಗಾಡಿಯ ಸ್ಪ್ರಿಂಗ್ ಮೈಭಾರಕ್ಕೆ 100 ಮಿ.ಮೀ. ಕುಗ್ಗುತ್ತಿದ್ದರೆ, ನಿಮ್ಮದು 10 ಮಿ.ಮೀ. ಕುಗ್ಗಬೇಕಿತ್ತು. ಕುಗ್ಗುವುದು 1 ಮಿ.ಮೀ. ಅಷ್ಟೇ. ಅಂದರೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಬಿಗಿ.

ಬಿಗಿ ಇಳಿಸುವ ಒಳ್ಳೆಯ ದಾರಿ ದಪ್ಪ ಕಡಿಮೆ ಮಾಡುವುದು. ದಪ್ಪ ಅರ್ಧವಾದರೆ ಬಿಗಿ ಎಂಟನೇ ಒಂದಾಗುತ್ತದೆ. ಹತ್ತನೇ ಒಂದಾಗಬೇಕಾದರೆ ದಪ್ಪ ಸುಮಾರು 0.46 ಪಟ್ಟಿಗೆ ಬರಬೇಕು. ನಿಜದ ಪಟ್ಟಿ 7 ಮಿ.ಮೀ. ಇದ್ದರೆ ಅಳತೆಗೆ 0.7 ಬರುತ್ತದೆ, ಕೆಲಸಕ್ಕೆ ಬೇಕಾದದ್ದು 0.32. ಉದ್ದ, ಅಗಲ, ಪಟ್ಟಿಗಳ ಲೆಕ್ಕ ಎಲ್ಲ ಹಾಗೇ ಇರಲಿ. ದಪ್ಪ ಮಾತ್ರ ಇಳಿಸಿ. ಮೂರು ಅಡಿ ದೂರದಿಂದ ನೋಡುವವರಿಗೆ ಗೊತ್ತಾಗುವುದೂ ಇಲ್ಲ.

ಕಟ್ಟು ತೆಳುವಾಗಿ ಕಾಣುತ್ತದೆ ಅನಿಸಿದರೆ ನಡುವೆ ಪ್ಲಾಸ್ಟಿಕ್ ಪಟ್ಟಿಗಳನ್ನು ಸೇರಿಸಬಹುದು. ಉಕ್ಕಿಗೆ ಹೋಲಿಸಿದರೆ ಪ್ಲಾಸ್ಟಿಕ್ ಎಷ್ಟೋ ಪಟ್ಟು ಮೆದು, ಬಿಗಿಗೆ ಸೇರಿಸುವುದು ಸ್ವಲ್ಪವೇ. ಕಪ್ಪು ಬಣ್ಣ ಬಳಿದರೆ ಉಕ್ಕು ಯಾವುದು, ಪ್ಲಾಸ್ಟಿಕ್ ಯಾವುದು ಹೇಳಲು ಬರುವುದಿಲ್ಲ.

ಪಟ್ಟಿಯ ದಪ್ಪವನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಬಹುದಾ?

ಹಾಕಲೇಬೇಕು. ಮೊದಲು ಗಾಡಿಯನ್ನು ಪೂರ್ತಿ ತಯಾರು ಮಾಡಿ: ಬಾಡಿ, ಬ್ಯಾಟರಿ, ಮೋಟಾರು, ಬಂಪರ್, ಮೇಲಿನ ಕ್ಯಾರಿಯರ್ ಎಲ್ಲ. ಸ್ಪ್ರಿಂಗ್ ಜಾಗದಲ್ಲಿ ಸುಮ್ನೆ ಮರದ ತುಂಡು ಇಟ್ಟು ನಿಲ್ಲಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಒಂದು ಚಕ್ರದ ಕೆಳಗಿಡಿ, ಉಳಿದ ಮೂರಕ್ಕೆ ಅದೇ ಎತ್ತರದ ಹಲಗೆ ಕೊಡಿ. ಹೀಗೆ ನಾಲ್ಕೂ ಮೂಲೆ ತೂಗಿ. ಆಮೇಲೆ ಆಕ್ಸಲ್ ಮತ್ತು ಚಕ್ರಗಳ ತೂಕ ಕಳೆಯಿರಿ. ಅವುಗಳ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ, ನೆಲವೇ ಹೊರುತ್ತದೆ.

ಒಂದು ಉದಾಹರಣೆ. ಗಾಡಿ 3 ಕೆ.ಜಿ., ಅದರಲ್ಲಿ ಆಕ್ಸಲ್, ಚಕ್ರ ಸೇರಿ 1.2 ಕೆ.ಜಿ. ಉಳಿದ 1.8 ಕೆ.ಜಿ. ನಾಲ್ಕು ಮೂಲೆಗೆ ಹಂಚಿದರೆ ತಲಾ 0.45 ಕೆ.ಜಿ., ಅಂದರೆ ಸುಮಾರು 4.4 ನ್ಯೂಟನ್.

ಬಿಗಿಯ ಸೂತ್ರ ಹೀಗಿದೆ: 8 × 2,05,000 × ಪಟ್ಟಿಗಳ ಸಂಖ್ಯೆ × ಅಗಲ × ದಪ್ಪದ ಘನ. ಬಂದದ್ದನ್ನು 3 × ಉದ್ದದ ಘನದಿಂದ ಭಾಗಿಸಿ. 2,05,000 ಅನ್ನುವುದು ಉಕ್ಕಿನ ಸ್ಥಿತಿಸ್ಥಾಪಕತ್ವದ ಅಂಕಿ. ಎಲ್ಲ ಅಳತೆ ಮಿಲಿಮೀಟರಿನಲ್ಲಿ. ಉತ್ತರ ಬರುವುದು ಪ್ರತಿ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಂದು. 90 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಮೂರು ಪಟ್ಟಿಗೆ ಲೆಕ್ಕ ಹಾಕೋಣ. ದಪ್ಪ 0.5 ಆದರೆ ಬಿಗಿ 1.69, ಗಾಡಿ ಕುಗ್ಗುವುದು ಬರೀ 2.6 ಮಿ.ಮೀ. ದಪ್ಪ 0.4 ಆದರೆ ಬಿಗಿ 0.86, ಕುಗ್ಗುವುದು 5 ಮಿ.ಮೀ. 0.3 ಆದರೆ ಬಿಗಿ 0.36, ಕುಗ್ಗುವುದು 12 ಮಿ.ಮೀ. ನೋಡಿ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಷ್ಟು ವ್ಯತ್ಯಾಸ ಮಾಡುತ್ತದೆ!

ಚಕ್ರದ ಒಟ್ಟು ಓಡಾಟದ ಮೂರನೇ ಒಂದು ಭಾಗದಷ್ಟು ಗಾಡಿ ತನ್ನ ಭಾರಕ್ಕೇ ಕುಗ್ಗಿ ನಿಲ್ಲಬೇಕು. ಆಗ ಚಕ್ರಕ್ಕೆ ಹಳ್ಳದೊಳಗೆ ಇಳಿಯಲೂ ಜಾಗ ಸಿಗುತ್ತದೆ. ಒಟ್ಟು ಓಡಾಟ 25ರಿಂದ 30 ಮಿ.ಮೀ. ಅಂದುಕೊಂಡರೆ 8ರಿಂದ 10 ಮಿ.ಮೀ. ಕುಗ್ಗಬೇಕು. ಮೇಲಿನ ಗಾಡಿಗೆ 0.3 ದಪ್ಪದ ನಾಲ್ಕು ಪಟ್ಟಿ ಹಾಕಿದರೆ 9 ಮಿ.ಮೀ. ಬರುತ್ತದೆ.

ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಆಕ್ಸಲ್ ಮೇಲೆ ಯು ಬೋಲ್ಟ್ (ಪಟ್ಟಿ ಕಟ್ಟನ್ನು ಆಕ್ಸಲ್ಲಿಗೆ ಹಿಡಿಸುವ U ಆಕಾರದ ಬೋಲ್ಟ್) ಬಿಗಿದ ಜಾಗದಲ್ಲಿ ಪಟ್ಟಿ ಬಾಗುವುದಿಲ್ಲ. 90 ಮಿ.ಮೀ. ಪಟ್ಟಿಯ ನಡುವೆ 10 ಮಿ.ಮೀ. ಅಗಲದ ಪ್ಲೇಟ್ ಬಿಗಿದರೆ ಕೆಲಸ ಮಾಡುವ ಉದ್ದ 80 ಆಯಿತು. ಉದ್ದದ ಘನ ಲೆಕ್ಕಕ್ಕೆ ಬರುವುದರಿಂದ ಬಿಗಿ ಶೇಕಡಾ 40ರವರೆಗೆ ಏರಬಹುದು. ಆದ್ದರಿಂದ ಕ್ಲ್ಯಾಂಪ್ ಪ್ಲೇಟನ್ನು ಎಷ್ಟು ಕಿರಿದು ಮಾಡಲಾಗುತ್ತದೋ ಅಷ್ಟು ಮಾಡಿ, ಸೂತ್ರಕ್ಕೆ ಉಳಿದ ಉದ್ದವನ್ನು ಹಾಕಿ.

ಯಾವ ಉಕ್ಕು ಬಳಸಲಿ?

ಹದ ಹಾಕಿದ (ಕಾಯಿಸಿ ಗಡಸು ಮಾಡಿದ) ಸ್ಪ್ರಿಂಗ್ ಉಕ್ಕು. ಮಾಮೂಲಿ ತಗಡು ಬೇಡ. ತಗಡೂ ಅಷ್ಟೇ ಬಿಗಿಯಾಗಿರುತ್ತದೆ, ಆದರೆ ಒಮ್ಮೆ ಜೋರಾಗಿ ಬಾಗಿದರೆ ಹಾಗೇ ಉಳಿಯುತ್ತದೆ. ಮೇಲಿನ ಲೆಕ್ಕದ 0.4 ಮಿ.ಮೀ. ಕಟ್ಟು 15 ಮಿ.ಮೀ. ಕುಗ್ಗಿದಾಗ ಪಟ್ಟಿಯೊಳಗಿನ ಒತ್ತಡ 600 ಮೆಗಾಪ್ಯಾಸ್ಕಲ್ ಹತ್ತಿರ ಹೋಗುತ್ತದೆ. ಮೆದು ಉಕ್ಕು 250ರ ಆಸುಪಾಸಿನಲ್ಲೇ ಸೋಲುತ್ತದೆ.

ನನಗೆ ಅತಿ ಇಷ್ಟವಾದ ಮೂಲ ಫೀಲರ್ ಗೇಜ್. ಎಂಜಿನ್ ಕೆಲಸದಲ್ಲಿ ಸಂದು ಅಳೆಯಲು ಬಳಸುವ ತೆಳು ಪಟ್ಟಿಗಳ ಗುಚ್ಛ ಅದು. ಒಳ್ಳೆಯ ಉಕ್ಕು, ಹದ ಆಗಲೇ ಹಾಕಿರುತ್ತದೆ, ದಪ್ಪ ಪಟ್ಟಿಯ ಮೇಲೇ ಬರೆದಿರುತ್ತದೆ. ಅಗಲ ಸಾಮಾನ್ಯವಾಗಿ 12.7 ಮಿ.ಮೀ., ಉದ್ದಕ್ಕೆ ಸೀಳಿದರೆ 6 ಮಿ.ಮೀ.ನ ಎರಡು ಪಟ್ಟಿ ಬರುತ್ತವೆ. ಉದ್ದನೆಯ ಪಟ್ಟಿಗಳ ಸೆಟ್ ನೋಡಿ ತೆಗೆದುಕೊಳ್ಳಿ. ಸ್ಪ್ರಿಂಗ್ ಉಕ್ಕಿನ ಸುರುಳಿ ಸಿಕ್ಕರೂ ಆಗಬಹುದು. ಹ್ಯಾಕ್ಸಾ ಬ್ಲೇಡ್ ದಪ್ಪ ಜಾಸ್ತಿ, ಗಡಸಾದವು ಮುರಿಯುತ್ತವೆ. ಅಳತೆ ಟೇಪಿನ ಪಟ್ಟಿ ಅಡ್ಡಕ್ಕೆ ಬಾಗಿರುತ್ತದೆ, ಒತ್ತಿದಾಗ ಟಪ್ಪೆಂದು ಮಡಚಿಕೊಳ್ಳುತ್ತದೆ. ಅದು ಬೇಡವೇ ಬೇಡ.

ಅಷ್ಟು ಗಡಸಾದ ಪಟ್ಟಿಯನ್ನು ಕತ್ತರಿಸುವುದು, ತೂತು ಹಾಕುವುದು ಹೇಗೆ?

ಮೊದಲು ಕನ್ನಡಕ ಹಾಕಿಕೊಳ್ಳಿ. ಹದ ಹಾಕಿದ ಉಕ್ಕು ಸಿಡಿದರೆ ಚೂರು ನೇರ ಕಣ್ಣಿಗೆ ಬರುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ.

ಕತ್ತರಿಸಲು ಕೈಯಲ್ಲಿ ಹಿಡಿಯುವ ರೋಟರಿ ಟೂಲ್ ಮತ್ತು ತೆಳು ಕಟಿಂಗ್ ಡಿಸ್ಕ್ ಸಾಕು. ಎರಡು ಮರದ ತುಂಡುಗಳ ನಡುವೆ ಪಟ್ಟಿ ಇಟ್ಟು ವೈಸಿನಲ್ಲಿ ಬಿಗಿಯಿರಿ. ಕೆಲವು ಸೆಕೆಂಡಿಗೊಮ್ಮೆ ನಿಲ್ಲಿಸಿ ನೀರಿನಲ್ಲಿ ಅದ್ದಿ. ಬಿಸಿಯಾಗಿ ಬಣ್ಣ ನೀಲಿ ದಾಟಿ ಬೂದಿಯಾಯಿತು ಅಂದರೆ ಆ ಜಾಗದ ಹದ ಹೋಯಿತು, ಅಲ್ಲಿ ಪಟ್ಟಿ ಬಾಗಿ ಉಳಿಯುತ್ತದೆ. ತಗಡಿನ ಕತ್ತರಿ ಹಾಕಿದರೆ ಅಂಚು ಸುರುಳಿಯಾಗುತ್ತದೆ. ಕತ್ತರಿಸಿದ ಮೇಲೆ ಅಂಚುಗಳನ್ನು ಎಣ್ಣೆಗಲ್ಲಿನ ಮೇಲೆ ಉದ್ದಕ್ಕೆ ಉಜ್ಜಿ ನಯ ಮಾಡಿ. ಅಂಚಿನಲ್ಲಿ ಉಳಿದ ಒಂದು ಸಣ್ಣ ಗೀರು ಸಾಕು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ತೂತು ಹಾಕದೆ ಇದ್ದರೆ ಇನ್ನೂ ಒಳ್ಳೆಯದು. 6 ಮಿ.ಮೀ. ಪಟ್ಟಿಯಲ್ಲಿ 2 ಮಿ.ಮೀ. ತೂತು ಹಾಕಿದರೆ ಮೂರನೇ ಒಂದು ಭಾಗ ಉಕ್ಕು ಹೋಯಿತಲ್ವಾ? ಯು ಬೋಲ್ಟಿನಿಂದಲೇ ಕಟ್ಟನ್ನು ಬಿಗಿಯಬಹುದು. ಆದರೆ ಪಟ್ಟಿ ಜಾರದ ಹಾಗೆ ನಡುವೆ ಏನಾದರೂ ಬೇಕು. ನಾನು ಅಂಚುಗಳಲ್ಲಿ ಅರ್ಧ ಮಿಲಿಮೀಟರಿನ ದುಂಡನೆಯ ಕಚ್ಚು ಮಾಡಿ ಅದರಲ್ಲಿ ಯು ಬೋಲ್ಟ್ ಕೂರಿಸುತ್ತೇನೆ. ಕ್ಲ್ಯಾಂಪಿನ ಒಳಗೆ ಬಾಗುವಿಕೆ ಇಲ್ಲದ ಕಾರಣ ಅಲ್ಲಿ ಕಚ್ಚು ಇದ್ದರೂ ತೊಂದರೆ ಕಂಡಿಲ್ಲ. ತೂತು ಬೇಕೇ ಬೇಕಾದರೆ ಕಾರ್ಬೈಡ್ ಬಿಟ್ ತನ್ನಿ. ಮಾಮೂಲಿ ಬಿಟ್ ತುದಿ ಸವೆಸಿಕೊಂಡು ಸುಮ್ಮನಾಗುತ್ತದೆ.

ಬಾಗು ಹೇಗೆ ಕೊಡುವುದು? ಎಲ್ಲ ಪಟ್ಟಿಗೂ ಒಂದೇ ಬಾಗಾ?

ಒಂದೇ ಅಲ್ಲ. ಮೇಲಿನ ಉದ್ದ ಪಟ್ಟಿಗೆ ಕಡಿಮೆ ಬಾಗು, ಕೆಳಕ್ಕೆ ಹೋದ ಹಾಗೆ ಪ್ರತಿ ಪಟ್ಟಿಗೂ ಸ್ವಲ್ಪ ಜಾಸ್ತಿ. ಬಿಗಿಯದೆ ಒಂದರ ಮೇಲೊಂದು ಇಟ್ಟಾಗ ನಡುವೆ ತೆಳು ಸಂದು ಕಾಣಬೇಕು. ಬಿಗಿದಾಗ ಆ ಸಂದು ಮುಚ್ಚಿ, ಸಣ್ಣ ಪಟ್ಟಿಗಳ ತುದಿ ಮೇಲಿನದನ್ನು ಅಪ್ಪಿ ಹಿಡಿಯುತ್ತವೆ. ಎಲ್ಲಕ್ಕೂ ಒಂದೇ ಬಾಗು ಕೊಟ್ಟರೆ ಸಣ್ಣ ಪಟ್ಟಿಗಳು ಸುಮ್ನೆ ನೇತಾಡುತ್ತವೆ, ಪೂರ್ತಿ ಭಾರ ಮೇಲಿನ ಒಂದರ ಮೇಲೇ ಬೀಳುತ್ತದೆ.

ಬಾಗಿಸುವುದು ತಣ್ಣಗೇ, ಬಿಸಿ ಮಾಡಬೇಡಿ. ಕೈಗೆ ದಪ್ಪ ಗ್ಲೌಸ್ ಹಾಕಿ, ಪಟ್ಟಿಯನ್ನು ದುಂಡು ಕೊಳವೆಯ ಮೇಲೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಹೋಗಿ. ಸ್ಪ್ರಿಂಗ್ ಉಕ್ಕು ಹಿಂದಕ್ಕೆ ಬರುವುದರಿಂದ ಬೇಕಾದ್ದಕ್ಕಿಂತ ಬಹಳ ಚಿಕ್ಕ ಸುತ್ತಿನ ಕೊಳವೆ ಬೇಕಾಗುತ್ತದೆ. ಕಾಗದದ ಮೇಲೆ ಬಾಗಿನ ಗೆರೆ ಎಳೆದಿಟ್ಟುಕೊಂಡು ಪ್ರತಿ ಸಲ ಅದರ ಮೇಲಿಟ್ಟು ನೋಡಿ. ಎಡ, ಬಲ ಸ್ಪ್ರಿಂಗುಗಳನ್ನು ಒಟ್ಟಿಗೇ ಮಾಡಿ. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ವಾರ ಮಾಡಿದರೆ ಎರಡೂ ಹೊಂದುವುದು ಕಷ್ಟ.

ಗಾಡಿಗೆ ಹಾಕುವ ಮೊದಲು ಪ್ರತಿ ಕಟ್ಟನ್ನೂ ಇಪ್ಪತ್ತು ಸಲ ಪೂರ್ತಿ ಚಪ್ಪಟೆಯಾಗುವಷ್ಟು ಒತ್ತಿ. ಮೊದಲ ಕೆಲವು ಸಲ ಬಾಗು ಸ್ವಲ್ಪ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಆ ಇಳಿತ ಮೇಜಿನ ಮೇಲೇ ಆಗಿಹೋಗಲಿ.

ತುದಿಯ ಸುರುಳಿ ಮಾಡಲು ಹೋದರೆ ಪಟ್ಟಿ ಮುರಿಯುತ್ತದೆ. ಏನು ಮಾಡಲಿ?

ತುದಿಯ 12 ಮಿ.ಮೀ. ಮಾತ್ರ ಕೆಂಪಗೆ ಕಾಯಿಸಿ, ನಿಧಾನವಾಗಿ ಆರಲು ಬಿಡಿ. ಅಷ್ಟು ಜಾಗ ಮೆತ್ತಗಾಗುತ್ತದೆ, 2 ಮಿ.ಮೀ. ಕಂಬಿಯ ಸುತ್ತ ಸುತ್ತಬಹುದು. ಬಿಸಿ ಉಳಿದ ಭಾಗಕ್ಕೆ ಹರಿಯದ ಹಾಗೆ ಪಕ್ಕದಲ್ಲೇ ದಪ್ಪ ಲೋಹದ ಇಕ್ಕಳದಲ್ಲಿ ಹಿಡಿದಿರಿ. ಇದು ಒಗ್ಗದಿದ್ದರೆ ಹಿತ್ತಾಳೆಯ ಸಣ್ಣ ತುಂಡಿಗೆ ಅಡ್ಡ ತೂತು ಹಾಕಿ, ಸೀಳು ಮಾಡಿ, ಪಟ್ಟಿಯ ತುದಿಯನ್ನು ಅದರೊಳಗೆ ಸ್ಕ್ರೂ ಹಾಕಿ ಹಿಡಿಸಿ. ನೋಡಲು ಸ್ವಲ್ಪ ದಪ್ಪ, ಆದರೆ ಪಟ್ಟಿ ಮುರಿದಾಗ ಬದಲಿಸುವುದು ಸುಲಭ.

ಶ್ಯಾಕಲ್ ಯಾಕೆ? ಎರಡೂ ತುದಿಯನ್ನು ನೇರ ಚಾಸಿಗೆ ಬಿಗಿದರೆ ಆಗಲ್ವಾ?

ಆಗುವುದಿಲ್ಲ. ಬಾಗಿದ ಪಟ್ಟಿ ಚಪ್ಪಟೆಯಾದಾಗ ಅದರ ಎರಡು ತುದಿಗಳ ದೂರ ಹೆಚ್ಚುತ್ತದೆ. 90 ಮಿ.ಮೀ. ಪಟ್ಟಿಗೆ 10 ಮಿ.ಮೀ. ಬಾಗು ಇದ್ದರೆ, ಚಪ್ಪಟೆಯಾಗುವಾಗ ಸುಮಾರು 3 ಮಿ.ಮೀ. ಉದ್ದ ಬೇಕು. 15 ಮಿ.ಮೀ. ಬಾಗಿದ್ದರೆ 6 ಮಿ.ಮೀ. ಮೀರುತ್ತದೆ. ಆ ಜಾಗವನ್ನು ಕೊಡುವುದು ಶ್ಯಾಕಲ್. ಎರಡೂ ತುದಿ ಬಿಗಿದರೆ ಸ್ಪ್ರಿಂಗು ಸೇತುವೆಯ ಕಮಾನಿನ ಹಾಗೆ ನಿಲ್ಲುತ್ತದೆ.

ಈ ಅಳತೆಗೆ ಶ್ಯಾಕಲ್ ಉದ್ದ 10ರಿಂದ 12 ಮಿ.ಮೀ. ಸಾಕು. ಅದರ ವಾಲುವಿಕೆಯೇ ಮುಖ್ಯ. ಗಾಡಿ ತನ್ನ ಭಾರದಲ್ಲಿ ನಿಂತಾಗ ಶ್ಯಾಕಲ್ಲಿನ ಕೆಳತುದಿ ಸ್ಪ್ರಿಂಗಿನಿಂದ ಹೊರಕ್ಕೆ ಸ್ವಲ್ಪ ವಾಲಿರಬೇಕು. ಒಳಕ್ಕೆ ವಾಲಿದ್ದರೆ, ಪಟ್ಟಿ ಹಿಗ್ಗುವಾಗ ಶ್ಯಾಕಲ್ ನೆಟ್ಟಗಾಗುತ್ತಾ ಚಾಸಿಯನ್ನೇ ಮೇಲಕ್ಕೆ ಎತ್ತುತ್ತದೆ. ಪಟ್ಟಿ ಎಷ್ಟೇ ಮೆದುವಾಗಿದ್ದರೂ ಗಾಡಿ ಬಿಗಿ ಅನಿಸುತ್ತದೆ. ಸ್ಪ್ರಿಂಗ್ ಬಿಗಿಯಾಗಿದೆ ಎಂದು ಪಟ್ಟಿ ತೆಗೆಯುತ್ತಾ ಹೋಗುವವರು ಮೊದಲು ಶ್ಯಾಕಲ್ಲಿನ ಕೋನ ನೋಡಲಿ. ಇನ್ನೊಂದು ಕೊನೆಯಲ್ಲಿ, ಪೂರ್ತಿ ಒತ್ತಿದಾಗ ಅದು ಚಾಸಿಗೆ ತಾಗಬಾರದು.

ಸ್ಕ್ರೂಗಳನ್ನು ನೈಲಾನ್ ನಟ್ಟಿನಿಂದ ಹಿಡಿಸಿ, ಶ್ಯಾಕಲ್ ತನ್ನ ಭಾರಕ್ಕೇ ಬೀಳುವಷ್ಟು ಸಡಿಲ ಬಿಡಿ. ಆದರೆ ಪಕ್ಕಕ್ಕೆ ಅಲ್ಲಾಡಬಾರದು. ಸಣ್ಣ ಹಿತ್ತಾಳೆ ಬುಷ್ ಹಾಕಿದರೆ ಎರಡೂ ಸಿಗುತ್ತದೆ.

ಶ್ಯಾಕಲ್ ಮುಂದೆಯೋ ಹಿಂದೆಯೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಬಿಗಿ ತುದಿ ಗೇರ್‌ಬಾಕ್ಸ್ ಕಡೆ, ಶ್ಯಾಕಲ್ ಬಂಪರ್ ಕಡೆ. ಆಗ ಆಕ್ಸಲ್ ಸುತ್ತುವ ದಾರಿಯೂ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಬಲ ಒಯ್ಯುವ ಕಂಬಿ) ಸುತ್ತುವ ದಾರಿಯೂ ಹತ್ತಿರ ಹತ್ತಿರ ಇರುತ್ತವೆ. ಆದರೂ ಒಳಗೆ ಹೊರಗೆ ಜಾರುವ ಶಾಫ್ಟನ್ನೇ ಹಾಕಿ.

ಪಟ್ಟಿ ತೆಳುವಾಗಿದೆ, ಶ್ಯಾಕಲ್ ಸರಿ ಇದೆ, ಆದರೂ ಗಾಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ?

ತಿಕ್ಕಾಟ. ಗಾಡಿಯನ್ನು ಕೈಯಿಂದ ಒತ್ತಿ ನಿಧಾನ ಬಿಡಿ, ನಿಂತ ಎತ್ತರ ಅಳೆಯಿರಿ. ಆಮೇಲೆ ಮೇಲಕ್ಕೆ ಎತ್ತಿ ನಿಧಾನ ಬಿಟ್ಟು ಮತ್ತೆ ಅಳೆಯಿರಿ. ಎರಡಕ್ಕೂ 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪಟ್ಟಿಗಳು ಒಂದನ್ನೊಂದು ಹಿಡಿಯುತ್ತಿವೆ ಎಂದರ್ಥ.

ಪ್ರತಿ ಪಟ್ಟಿಯ ತುದಿಯನ್ನು ದುಂಡು ಮಾಡಿ, ಕೆಳಗಿನ ಪಟ್ಟಿಯ ತುದಿ ಮೇಲಿನದನ್ನು ಕೆರೆಯದ ಹಾಗೆ ಅಂಚು ಇಳಿಸಿ. ಮುಖಗಳನ್ನು 1000 ನಂಬರಿನ ಮರಳುಕಾಗದದಲ್ಲಿ ಉದ್ದಕ್ಕೆ ಉಜ್ಜಿ. ನಡುವೆ ಒಣ ಗ್ರಾಫೈಟ್ ಪುಡಿ ಸವರಿ. ಗ್ರೀಸ್ ಹಚ್ಚಬೇಡಿ, ಅದಕ್ಕೆ ಮಣ್ಣು ಅಂಟಿ ಒಂದೇ ದಿನದಲ್ಲಿ ಮರಳುಕಾಗದದ ಹಾಗಾಗುತ್ತದೆ. ಪಟ್ಟಿಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳದಂತೆ ಹಾಕುವ ಸಣ್ಣ ಹಿಡಿಕೆ ಉಂಗುರಗಳನ್ನು ಸಡಿಲವಾಗಿಯೇ ಬಿಡಿ, ಅವು ದಾರಿ ತೋರಿಸಿದರೆ ಸಾಕು.

ಏರು ಹತ್ತುವಾಗ ಹಿಂದಿನ ಆಕ್ಸಲ್ ಕುಪ್ಪಳಿಸುತ್ತದೆ. ಯಾಕೆ?

ಲೀಫ್ ಸ್ಪ್ರಿಂಗಿನ ದೊಡ್ಡ ದೌರ್ಬಲ್ಯ ಇದು. ಚಕ್ರ ಮುಂದಕ್ಕೆ ತಿರುಗಲು ಹೋದಾಗ ಆಕ್ಸಲ್ಲಿನ ಮೈ ಹಿಂದಕ್ಕೆ ತಿರುಗಲು ನೋಡುತ್ತದೆ. ಅದರ ಮೂತಿ (ಶಾಫ್ಟ್ ಸೇರುವ ತುದಿ) ಮೇಲೇಳುತ್ತದೆ, ಪಟ್ಟಿಗಳು ಹಾವಿನ ಹಾಗೆ ತಿರುಚಿಕೊಳ್ಳುತ್ತವೆ. ಚಕ್ರ ಒಂದು ಕ್ಷಣ ಜಾರಿದಾಗ ಪಟಕ್ಕನೆ ಬಿಚ್ಚಿಕೊಂಡು ಮತ್ತೆ ತಿರುಚುತ್ತವೆ. ಕುಪ್ಪಳಿಸಿದ ಹಾಗೆ ಕಾಣುವುದು ಅದೇ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವುದರಿಂದ ನಮ್ಮ ಗಾಡಿಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ.

ಎಲ್ಲ ಪಟ್ಟಿ ದಪ್ಪ ಮಾಡಿದರೆ ನಿಲ್ಲುತ್ತದೆ, ಆದರೆ ಮತ್ತೆ ಹಲಗೆಯ ಕಥೆ. ನಾನು ಮೊದಲು ಮಾಡುವುದು ಒಂದು ಅರ್ಧ ಪಟ್ಟಿ ಸೇರಿಸುವುದು. ಆಕ್ಸಲ್ಲಿನಿಂದ ಬಿಗಿ ತುದಿಯ ಕಡೆಗೆ ಮಾತ್ರ ಚಾಚಿದ, ಸ್ವಲ್ಪ ದಪ್ಪನೆಯ ಗಿಡ್ಡ ಪಟ್ಟಿ ಅದು. ಶ್ಯಾಕಲ್ ಕಡೆಯ ಅರ್ಧ ಮೆದುವಾಗಿಯೇ ಉಳಿಯುತ್ತದೆ. ಅರ್ಧಕ್ಕರ್ಧ ಗಾಡಿಗಳಿಗೆ ಇಷ್ಟು ಸಾಕು.

ಸಾಲದಿದ್ದರೆ ತಡೆಕಂಬಿ ಹಾಕಬೇಕು. ಆಕ್ಸಲ್ಲಿಗೆ ಗಟ್ಟಿಯಾಗಿ ಹಿಡಿಸಿದ ಒಂದು ಕಂಬಿ ಮುಂದಕ್ಕೆ ಚಾಚಿ ಚಾಸಿಗೆ ಸೇರುತ್ತದೆ. ಚಾಸಿ ಕಡೆಯ ತುದಿಯನ್ನು ನೇರ ಬಿಗಿದರೆ ಸ್ಪ್ರಿಂಗ್ ಆಡಲು ಬಿಡುವುದಿಲ್ಲ. ಅಲ್ಲಿ ಒಂದು ಪುಟ್ಟ ಶ್ಯಾಕಲ್ ಮತ್ತು ಬಾಲ್ ಜಾಯಿಂಟ್ ಕೊಡಿ. ಮೂತಿ ಏಳುವುದನ್ನು ಮಾತ್ರ ತಡೆಯಬೇಕು, ಉಳಿದ ಎಲ್ಲ ಓಡಾಟಕ್ಕೂ ಬಿಡಬೇಕು.

ಸ್ಪ್ರಿಂಗ್ ಆಕ್ಸಲ್ಲಿನ ಮೇಲಿರಬೇಕಾ, ಕೆಳಗಾ?

ಆಕ್ಸಲ್ ಕೊಳವೆಯ ದಪ್ಪ ಮತ್ತು ಪಟ್ಟಿ ಕಟ್ಟಿನ ದಪ್ಪ ಸೇರಿದಷ್ಟು ಎತ್ತರದ ವ್ಯತ್ಯಾಸ ಬರುತ್ತದೆ. ಮೇಲಿಟ್ಟರೆ ಗಾಡಿ ಎತ್ತರ, ಕಲ್ಲಿಗೆ ಪಟ್ಟಿ ತಾಗುವುದಿಲ್ಲ, ಆದರೆ ಬೇಗ ಮಗುಚುತ್ತದೆ. ಕೆಳಗಿಟ್ಟರೆ ತಗ್ಗಾಗಿ ನಿಂತು ನೋಡಲು ಚೆಂದ. ಹಳೆಯ ಗಾಡಿ ಕಟ್ಟುವವರು ಆ ಗಾಡಿಯಲ್ಲಿ ಹೇಗಿತ್ತೋ ಹಾಗೇ ಮಾಡಲಿ.

ಶಾಕ್ ಅಬ್ಸಾರ್ಬರ್ ಹಾಕಬೇಕಾ?

ಪಟ್ಟಿಗಳ ತಿಕ್ಕಾಟವೇ ಸಾಕಷ್ಟು ಕುಣಿತ ತಡೆಯುತ್ತದೆ. ಹಾಕುವುದಾದರೆ ಒಳಗಿನ ಕಾಯಿಲ್ ತೆಗೆದು, ತುಂಬಾ ತೆಳು ಎಣ್ಣೆ ಹಾಕಿ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಶಾಕ್ ತಳಕ್ಕೆ ತಾಗಬಾರದು. ಚಕ್ರ ಪೂರ್ತಿ ಇಳಿದಾಗ ಮಾತ್ರ ಶಾಕ್ ಹಿಡಿದು ನಿಲ್ಲಿಸಿದರೆ ಒಳ್ಳೆಯದು, ಆಗ ಪಟ್ಟಿ ತಲೆಕೆಳಗಾಗಿ ಬಾಗುವುದಿಲ್ಲ.

ಮುಂದಿನ ಸ್ಪ್ರಿಂಗ್ ಕುಗ್ಗಿದಾಗ ಚಕ್ರ ತಾನಾಗಿಯೇ ತಿರುಗುತ್ತದೆ. ಸರಿ ಮಾಡುವುದು ಹೇಗೆ?

ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರು) ಚಾಸಿಯ ಮೇಲಿದೆ, ಚಕ್ರ ಆಕ್ಸಲ್ಲಿನ ಮೇಲಿದೆ. ನಡುವಿನ ಕಂಬಿ ಓರೆಯಾಗಿದ್ದರೆ ಆಕ್ಸಲ್ ಮೇಲೆ ಕೆಳಗೆ ಹೋದಾಗಲೆಲ್ಲ ಚಕ್ರವನ್ನು ಎಳೆಯುತ್ತದೆ. ಕಂಬಿ ಉದ್ದವಾಗಿರಲಿ, ಗಾಡಿ ನಿಂತಾಗ ನೆಲಕ್ಕೆ ಸಮವಾಗಿರಲಿ. ತೆಳು ಪಟ್ಟಿಗಳು ಪಕ್ಕಕ್ಕೂ ಸ್ವಲ್ಪ ಬಳುಕುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಬದಲು ಚಾಸಿಯೇ ಪಕ್ಕಕ್ಕೆ ಸರಿದರೆ, ಆ ಕಂಬಿಗೆ ಸಮಾನಾಂತರವಾಗಿ, ಅಷ್ಟೇ ಉದ್ದದ ಒಂದು ಅಡ್ಡಕಂಬಿ ಹಾಕಿ. ಸರ್ವೋವನ್ನು ಆಕ್ಸಲ್ ಮೇಲೇ ಕೂರಿಸಿದರೆ ಈ ತಲೆನೋವೇ ಇಲ್ಲ, ಆದರೆ ಬಂಪರ್ ಹಿಂದೆ ಅದು ಎದ್ದು ಕಾಣುತ್ತದೆ.

ಮೋಟಾರು, ಬ್ಯಾಟರಿ?

540 ಅಳತೆಯ ಬ್ರಶ್ ಮೋಟಾರು, 35ರಿಂದ 55 ಟರ್ನ್ (ಒಳಗಿನ ತಂತಿಯ ಸುತ್ತುಗಳ ಸಂಖ್ಯೆ). ಮೋಟಾರು 30, 40 ಸಲ ತಿರುಗಿದಾಗ ಚಕ್ರ ಒಂದು ಸಲ ತಿರುಗುವಷ್ಟು ಗೇರು ಇಳಿಕೆ ಇರಲಿ. ಎರಡು ಸೆಲ್ಲಿನ 7.4 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸಾಕು. ತೆಳು ಪಟ್ಟಿ ಇರುವ ಗಾಡಿಗೆ ವೇಗ ಕೊಟ್ಟರೆ ಆಕ್ಸಲ್ ತಿರುಚುವುದು ಜಾಸ್ತಿಯಾಗುತ್ತದೆ.

ಪ್ಲಾಸ್ಟಿಕ್ ಗಟ್ಟಿ ಬಾಡಿ ಹಾಕಿದ ಮೇಲೆ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಸ್ಪ್ರಿಂಗ್ ಬಿಗಿ ಮಾಡಲಾ?

ಬೇಡ, ತೂಕ ಇಳಿಸಿ. ತೆಳು ಪಾಲಿಕಾರ್ಬನೇಟ್ ಬಾಡಿಗಿಂತ ಗಟ್ಟಿ ಬಾಡಿ ಹಲವು ಪಟ್ಟು ಭಾರ, ಅದೂ ಎತ್ತರದಲ್ಲಿ. ಬ್ಯಾಟರಿಯನ್ನು ಆದಷ್ಟು ಕೆಳಗೆ, ಮುಂದಕ್ಕೆ ಹಾಕಿ. ಚಕ್ರದೊಳಗೆ, ಆಕ್ಸಲ್ ತುದಿಯಲ್ಲಿ ಹಿತ್ತಾಳೆ ಸೇರಿಸಿ. ಆ ತೂಕ ಸ್ಪ್ರಿಂಗಿನ ಕೆಳಗಿರುವುದರಿಂದ ನಿಮ್ಮ ಲೆಕ್ಕ ಕೆಡುವುದಿಲ್ಲ. ಏರು ಹತ್ತಲು ಮುಂದೆ ಶೇಕಡಾ 55ರಿಂದ 60 ಭಾರ ಇರುವುದು ಒಳ್ಳೆಯದು. ಅದಕ್ಕೇ ಮುಂದಿನ, ಹಿಂದಿನ ಸ್ಪ್ರಿಂಗುಗಳನ್ನು ಬೇರೆ ಬೇರೆ ಲೆಕ್ಕ ಹಾಕಬೇಕು. ಮುಂದೆ ನಾಲ್ಕು ಪಟ್ಟಿ, ಹಿಂದೆ ಮೂರು ಅನ್ನುವ ಹಾಗೆ.

ಗಾಡಿ ಒಂದು ಕಡೆ ವಾಲಿ ನಿಲ್ಲುತ್ತದೆ. ತಪ್ಪು ಎಲ್ಲಿದೆ ಎಂದು ಹೇಗೆ ತಿಳಿಯುವುದು?

ಎಡದ ಸ್ಪ್ರಿಂಗನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ. ವಾಲುವ ಕಡೆ ಬದಲಾದರೆ ತಪ್ಪು ಸ್ಪ್ರಿಂಗಿನಲ್ಲಿ. ಬದಲಾಗದಿದ್ದರೆ ಚಾಸಿ ತಿರುಚಿದೆ, ಇಲ್ಲವೇ ಬ್ಯಾಟರಿ ಒಂದು ಪಕ್ಕಕ್ಕಿದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ವಾಲಿದರೆ ಅದು ಶಾಫ್ಟಿನ ತಿರುಚುವ ಬಲ, ಸ್ಪ್ರಿಂಗಿನ ದೋಷ ಅಲ್ಲ.

ಚೆನ್ನಾಗಿ ಬಾಗುತ್ತಿದೆಯಾ ಎಂದು ಹೇಗೆ ಪರೀಕ್ಷಿಸಲಿ?

ಒಂದು ಮುಂದಿನ ಚಕ್ರದ ಕೆಳಗೆ ಒಂದರ ಮೇಲೊಂದು ತೆಳು ಹಲಗೆ ಇಡುತ್ತಾ ಹೋಗಿ. ಉಳಿದ ಮೂರರಲ್ಲಿ ಯಾವುದಾದರೂ ನೆಲ ಬಿಟ್ಟ ಕ್ಷಣದ ಎತ್ತರ ಬರೆದುಕೊಳ್ಳಿ. ನನಗೆ ಟೈರಿನ ಅರ್ಧ ಎತ್ತರ ಬಂದರೆ ಸಂತೋಷ. ಅದಕ್ಕಿಂತ ಜಾಸ್ತಿ ಬೇಕೆಂದು ಪಟ್ಟಿ ತೆಗೆಯುತ್ತಾ ಹೋದರೆ ಆಕ್ಸಲ್ ಹಿಡಿತ ಕಳೆದುಕೊಳ್ಳುತ್ತದೆ. ನಾಲ್ಕೂ ಮೂಲೆಯಲ್ಲಿ ಇದೇ ಪರೀಕ್ಷೆ ಮಾಡಿ, ಆ ಅಂಕಿಗಳ ಜೊತೆ ಪ್ರತಿ ಮೂಲೆ ನಿಂತ ಎತ್ತರವನ್ನೂ ಬರೆದಿಡಿ.

ಎಷ್ಟು ದಿನ ಬಾಳುತ್ತದೆ? ಓಡಿಸಿದ ಮೇಲೆ ಏನು ಮಾಡಬೇಕು?

ನೀರು, ಕೆಸರಿನಲ್ಲಿ ಓಡಿಸಿದ ದಿನವೇ ಬ್ರಶ್ಶಿನಿಂದ ತೊಳೆದು ಒಣಗಿಸಿ. ಹೈ ಕಾರ್ಬನ್ ಉಕ್ಕಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಗುಳಿಯಿಂದಲೇ ಪಟ್ಟಿ ಬಿರುಕು ಬಿಡುತ್ತದೆ. ಹೊರಮುಖಕ್ಕೆ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಸಂದಿಗೆ ಗ್ರಾಫೈಟ್. ತಿಂಗಳಿಗೊಮ್ಮೆ ಮೊದಲ ದಿನ ಬರೆದಿಟ್ಟ ಎತ್ತರದ ಅಂಕಿಗಳನ್ನು ಮತ್ತೆ ಅಳೆಯಿರಿ. ಒಂದು ಮೂಲೆ 2, 3 ಮಿ.ಮೀ. ಇಳಿದಿದ್ದರೆ ಆ ಕಟ್ಟನ್ನು ಬಿಚ್ಚಿ, ಪ್ರತಿ ಪಟ್ಟಿಯನ್ನೂ ಕಾಗದದ ಮೇಲಿನ ಗೆರೆಗೆ ಹಿಡಿದು ನೋಡಿ. ಆ ಕಾಗದವನ್ನು ಎಸೆಯಬೇಡಿ. ಮೊದಲು ಮುರಿಯುವುದು ಯಾವಾಗಲೂ ಸುರುಳಿ ಇರುವ ಉದ್ದ ಪಟ್ಟಿ, ಯು ಬೋಲ್ಟಿನ ಪಕ್ಕದಲ್ಲೇ. ಸ್ಪ್ರಿಂಗ್ ಮಾಡುವ ದಿನವೇ ಅದರದ್ದು ಎರಡು ಹೆಚ್ಚಿಗೆ ಮಾಡಿ, ಎಣ್ಣೆ ಕಾಗದದಲ್ಲಿ ಸುತ್ತಿ ಟೂಲ್ ಡಬ್ಬದಲ್ಲಿ ಇಟ್ಟುಕೊಳ್ಳಿ.